ತೂಕ ಕೇಳದ ಸರ್ಕಾರ

ಈ ದೇಶದಲ್ಲಿ ಗಂಡುಹುಡುಗನಿಗೆ ಹದಿನೆಂಟು ತುಂಬಿದರೆ ಸರ್ಕಾರ ಮನೆಗೆ ಕಾಗದ ಹಾಕುತ್ತದೆ. ನಮ್ಮ ಮನೆಗೂ ಬಂತು, ಮೊಮ್ಮಗ ನಿಖಿಲನ ಹೆಸರಿಗೆ.

ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನರ್ಸ್ ಆಗಿರುವ ಮಗಳು ಸುವರ್ಣಾಳ ಮನೆಗೆ ನಾನು ಬಂದು ನಾಲ್ಕು ವರ್ಷವಾಯಿತು. ಇಲ್ಲಿ ಟಪಾಲಿನವನು ಬಾಗಿಲಿಗೆ ಬರುವುದಿಲ್ಲ. ಅಪಾರ್ಟ್‌ಮೆಂಟಿನ ಕೆಳಗೆ ಕಬ್ಬಿಣದ ಪೆಟ್ಟಿಗೆಗಳ ಸಾಲಿದೆ, ಅದರಲ್ಲಿ ಕಾಗದ ತುಂಬಿ ಮಾತಾಡದೆ ಹೋಗುತ್ತಾನೆ. ಬೆಳಗಾವಿ ಕಡೆಯ ನಮ್ಮ ಹಳ್ಳಿಯಲ್ಲಿ ಟಪಾಲಿನವನು ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಓದಿ ಹೇಳಿಯೇ ಏಳುತ್ತಿದ್ದ. ನನ್ನ ತಮ್ಮ ಬಸಪ್ಪ ಗಡಿಯಲ್ಲಿ ಸತ್ತನೆಂಬ ತಂತಿಯನ್ನು ಓದಿದವನೂ ಅವನೇ. ಆ ದಿನ ಚಹಾ ಕುಡಿಯಲಿಲ್ಲ.

ನಾನು ಕಲಿತದ್ದು ಎರಡನೇ ಇಯತ್ತೆ. ಇಂಗ್ಲಿಷ್ ಬರುವುದಿಲ್ಲ. ಆದರೆ ಲಕೋಟೆಯ ಮೇಲೆ ಹದ್ದಿನ ಮುದ್ರೆ ಇದ್ದರೆ ಅದು ಸರ್ಕಾರದ್ದು ಎಂದು ತಿಳಿಯಲು ಓದು ಬೇಕಾಗಿಲ್ಲ. ಕೆಳಗಿನ ಮನೆಯ ಉಡುಪಿಯ ಸುಮತಿಗೆ ತೋರಿಸಿದೆ.

“ಎಂತ ಇಲ್ಲ ಅಮ್ಮ, ಹೆಸರು ಬರೆಸ್ಲಿಕ್ಕೆ ಹೇಳಿದ್ದು. ಎಲ್ಲ ಗಂಡುಮಕ್ಕಳೂ ಬರೆಸ್ಬೇಕು, ಕಾನೂನು.”

“ಯಾಕ?”

“ಯುದ್ಧ ಬಂದ್ರೆ ಕರೀಲಿಕ್ಕೆ. ಕರೆಯುದಿಲ್ಲ ಮಾರಾಯ್ರೆ, ಸುಮ್ಮನೆ.”

ಯಾವ ಸರ್ಕಾರವೂ ಸುಮ್ಮನೆ ಹೆಸರು ಕೇಳುವುದಿಲ್ಲ. ಕಾಗದವನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದೆ. ಮನೆಯಲ್ಲಿದ್ದ ಬಾಳೆಹಣ್ಣನ್ನೆಲ್ಲ ಸುಮತಿಗೆ ಕೊಟ್ಟೆ.

ಬಾಳೆಹಣ್ಣು ಯಾಕೆಂದು ಹೇಳುತ್ತೇನೆ. ನಮ್ಮಲ್ಲಿ ಮಿಲಿಟರಿಗೆ ಯಾರೂ ಎಳೆದೊಯ್ಯುವುದಿಲ್ಲ, ಹುಡುಗರೇ ಓಡಿ ಹೋಗುತ್ತಾರೆ. ಭರ್ತಿ ಮೈದಾನದಲ್ಲಿ ಓಡಿಸುತ್ತಾರೆ, ಎದೆ ಅಳೆಯುತ್ತಾರೆ, ತೂಗುತ್ತಾರೆ. ಕಡಿಮೆಯಾದರೆ ಮನೆಗೆ. ಬಸಪ್ಪ ಒಮ್ಮೆ ಹಾಗೆ ತಿರುಗಿ ಬಂದಿದ್ದ. ಮುಂದಿನ ಸಲ ಮೈದಾನದ ಹೊರಗೆ ಕೂರಿಸಿ, ಹನ್ನೆರಡು ಬಾಳೆಹಣ್ಣು ತಿನ್ನಿಸಿ, ಚೊಂಬುಗಟ್ಟಲೆ ನೀರು ಕುಡಿಸಿದವಳು ನಾನು. ತೂಕ ಸರಿಹೋಯಿತು.

ಅದಕ್ಕೇ ನಿಖಿಲನಿಗೆ ಬಾಳೆಹಣ್ಣು ನಿಲ್ಲಿಸಿದೆ. ರೊಟ್ಟಿಯ ಮೇಲಿನ ಬೆಣ್ಣೆಯನ್ನೂ ನಿಲ್ಲಿಸಿದೆ. ಎಂಟು ದಿನ ನಡೆಯಿತು.

“ಅವ್ವಾ, ತಂದ ಬಾಳಿಹಣ್ಣು ಎಲ್ಲಿ ಹೋಗಾಕತ್ತಾವ?” ಎಂದಳು ಸುವರ್ಣಾ.

“ಸುಮತಿಗೆ ಕೊಟ್ಟೆ. ಹುಡುಗ ದಪ್ಪ ಆಗಾಕತ್ತಾನ.”

“ಇಂವಾ? ಗಾಳಿ ಬಿಟ್ರ ಹಾರಿ ಹೋಗ್ತಾನ!”

ರೊಟ್ಟಿ ಬಡಿಯಲೆಂದು ಡಬ್ಬಿಗೆ ಕೈ ಹಾಕಿದವಳ ಕೈಗೆ ಕಾಗದ ಸಿಕ್ಕಿತು. ಹಿಟ್ಟು ಕೊಡವಿ ಓದಿದಳು, ನನ್ನ ಮುಖ ನೋಡಿದಳು. ಬೈಯಲಿಲ್ಲ. ಅವಳ ಸೋದರಮಾವನ ಬಾಳೆಹಣ್ಣಿನ ಕಥೆ ಅವಳಿಗೆ ಗೊತ್ತು.

“ಐವತ್ತು ವರ್ಷದಿಂದ ಯಾರನ್ನೂ ಕರದಿಲ್ಲವ್ವ.”

“ಹಂಗಾರ ಹೆಸರು ಯಾಕ ಬೇಕು?”

ನಿಖಿಲ ಫೋನಿನಿಂದ ತಲೆ ಎತ್ತಿದ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ, ಆ ಒಂದು ಮಾತು ಅವನಿಗೆ ಚೆನ್ನಾಗಿ ಬರುತ್ತದೆ.

“ಆಯಿ, ಐ ಆಲ್ರೆಡಿ ಡಿಡ್ ಇಟ್. ಫೋನಲ್ಲಿ. ಟೂ ಮಿನಿಟ್ಸ್.”

“ತೂಕ ಕೇಳಿದ್ರೇನು?”

“ತೂಕ? ನೋ! ನೇಮು, ಅಡ್ರೆಸ್ಸು, ಬರ್ತ್‌ಡೇ... ದಟ್ಸ್ ಆಲ್.”

ತಾಯಿ ಮಗ ಇಬ್ಬರೂ ನಕ್ಕರು. ನನಗೆ ಅನುಮಾನ ಹೆಚ್ಚಾಯಿತು. ತೂಗುವ ಸರ್ಕಾರ ಒಬ್ಬನನ್ನಾದರೂ ತಿರುಗಿ ಕಳಿಸುತ್ತದೆ. ತೂಗದೆ ಎಲ್ಲರನ್ನೂ ಬರೆದುಕೊಳ್ಳುವ ಸರ್ಕಾರದಿಂದ ಹುಡುಗನನ್ನು ಯಾವ ತಿನಿಸು ನಿಲ್ಲಿಸಿ ಉಳಿಸಿಕೊಳ್ಳಲಿ?

ಊರಿಗೆ ಬಂದುಬಿಡು ಎಂದು ಹಳ್ಳಿಯ ನಮ್ಮವರು ಫೋನಿನಲ್ಲಿ ಹೇಳುತ್ತಾರೆ. ಅಲ್ಲಿ ಶಾಲೆಯ ಗೋಡೆಯ ಮೇಲೆ ಬಸಪ್ಪನ ಹೆಸರು ಕೆತ್ತಿದೆ, ನೀರಿಗೆ ಹೋದರೂ ಸಂತೆಗೆ ಹೋದರೂ ಅದರ ಮುಂದೆಯೇ ದಾರಿ. ಇಲ್ಲಿ ನಿಖಿಲನ ಹೆಸರು ಎಲ್ಲಿ ಬರೆದಿದ್ದಾರೋ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಹೋಗಲಾರೆ. ದಿನಾ ಟಪಾಲಿನವನು ಬರುವ ಹೊತ್ತಿಗೆ ಪೆಟ್ಟಿಗೆಯ ಹತ್ತಿರ ನಿಂತಿರುತ್ತೇನೆ. ಅವನು ಈಗ ನನಗೆ ಕೈ ಎತ್ತುತ್ತಾನೆ, ನಾನು ಎತ್ತುವುದಿಲ್ಲ, ಅವನ ಕೈಯಲ್ಲಿರುವ ಲಕೋಟೆ ನೋಡುತ್ತೇನೆ.

ಬಾಳೆಹಣ್ಣು ಮನೆಗೆ ಮತ್ತೆ ಬಂದಿದೆ. ಹುಡುಗ ತಾನೇ ಸುಲಿದು ತಿನ್ನುತ್ತಾನೆ. ನನ್ನ ಕೈಯಿಂದ ನಾನು ಕೊಡುವುದಿಲ್ಲ.