ಆಪರೇಟರ್ ಗಂಗಹನುಮಯ್ಯನೂ ಕಪ್ಪು ಕೋಟಿನ ವೀರನೂ

ಗುಬ್ಬಿಯ ಮಂಗಳಗೌರಿ ಟಾಕೀಸಿನ ಆಪರೇಟರ್ ಗಂಗಹನುಮಯ್ಯ ಕುಡುಕನೆಂದು ನಾನು ಬಹುಕಾಲ ನಂಬಿದ್ದೆ. ಬೆಳಗಿನ ಹತ್ತು ಗಂಟೆಗೇ ಅವನ ಕಣ್ಣುಗಳು ಕೆಂಪಗೆ, ನೀರಾಡುತ್ತ, ಅರೆ ಮುಚ್ಚಿಕೊಂಡಿರುತ್ತಿದ್ದವು. ಒಮ್ಮೆ ತುಮಕೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಸಿಕ್ಕಾಗ ತುಮಕೂರಿನ ಗುಬ್ಬಿ ಗೇಟ್ ಬರುವವರೆಗೂ ಮದ್ಯಪಾನದ ಕೆಡುಕುಗಳನ್ನು ವಿವರಿಸಿದೆ. ಅವನು ಎಲ್ಲದಕ್ಕೂ ತಲೆಯಾಡಿಸಿ, ಇಳಿಯುವಾಗ, "ನೀವ್ ಹೇಳಿದ್ದು ಸರ್ಯಾಗದೆ ಸಾರ್, ಕುಣಿಗಲ್‌ನಾಗೆ ನಮ್ ಭಾಮೈದ ಅವ್ನೆ, ಅವಂಗೂ ಒಸಿ ಹೇಳ್ಬುಡಿ" ಎಂದ. ಅವನು ಕಾಫಿ ಬಿಟ್ಟು ಬೇರೇನನ್ನೂ ಕುಡಿದವನಲ್ಲವೆಂದೂ ಕಣ್ಣು ಹಾಗಾದದ್ದು ಇಪ್ಪತ್ತಾರು ವರ್ಷ ಪ್ರೊಜೆಕ್ಟರಿನ ಉರಿಯನ್ನು ನೋಡಿ ನೋಡಿ ಎಂದೂ ಆಮೇಲೆ ಗೊತ್ತಾಯಿತು.

ಅವನ ಪ್ರೊಜೆಕ್ಟರಿನಲ್ಲಿ ಬಲ್ಬು ಇರಲಿಲ್ಲ. ಪೆನ್ಸಿಲ್ಲಿನಂಥ ಎರಡು ಕಾರ್ಬನ್ ಕಡ್ಡಿಗಳನ್ನು ಎದುರುಬದುರು ಸಿಕ್ಕಿಸಿ, ಕರೆಂಟು ಕೊಟ್ಟು, ಮೂತಿಗೆ ಮೂತಿ ಮುಟ್ಟಿಸಿ ಬಿಡಿಸಿದರೆ ನಡುವೆ ಬೆಂಕಿ ಹತ್ತಿಕೊಳ್ಳುತ್ತಿತ್ತು. ಪರದೆಯ ಮೇಲಿನ ಬೆಳಕೆಲ್ಲ, ಹಿಂದಿನ ಕನ್ನಡಿ ಮುಂದಕ್ಕೆ ಎಸೆಯುವ ಆ ಬೆಂಕಿಯದೇ. ಕಡ್ಡಿ ಸವೆದಂತೆಲ್ಲ ತಿರುಪು ತಿರುಗಿಸಿ ಹತ್ತಿರ ತರುತ್ತಿರಬೇಕು. ಮರೆತರೆ ಪರದೆ ಮಂಕಾಗುತ್ತದೆ, ಕೆಳಗಿನಿಂದ "ಏಯ್, ಕಾರ್ಬನ್ ಹಾಕಲಾ!" ಎಂದು ಕೂಗು ಬೀಳುತ್ತದೆ. ಗಂಗಹನುಮಯ್ಯನ ಸೇವೆಯಲ್ಲಿ ಆ ಕೂಗು ಎರಡೇ ಸಲ ಬಿದ್ದಿತ್ತು. ಒಮ್ಮೆ ಮಗಳು ಹುಟ್ಟಿದ ಸುದ್ದಿ ಬಂದಾಗ, ಇನ್ನೊಮ್ಮೆ ಮಿಷನ್ ರೂಮಿಗೆ ಜೇನುಹುಳು ನುಗ್ಗಿದಾಗ. ಎರಡನ್ನೂ ಅವನು ತಪ್ಪೆಂದೇ ಒಪ್ಪಿಕೊಳ್ಳುತ್ತಿದ್ದ.

ಸಿನಿಮಾ ಎಂದರೆ ಅವನಿಗೆ ಬೆಳಕು, ಅಷ್ಟೆ. ಕಥೆ ಅವನ ಖಾತೆಗೆ ಬರುತ್ತಿರಲಿಲ್ಲ. ಹೆಂಡತಿ ರಂಗಲಕ್ಷ್ಮಮ್ಮ, "ಕೊನೇಗೆ ಆ ಹುಡುಗಿ ಏನಾದ್ಲು?" ಎಂದು ಕೇಳಿದರೆ, "ಹದಿನಾಲ್ಕನೇ ರೀಲಿಗೆ ಮುಗುದೋಯ್ತು" ಎನ್ನುತ್ತಿದ್ದ. ಆಕೆ ಪಾಪ, ಎಷ್ಟೋ ನಾಯಕಿಯರು ಸತ್ತೇಹೋದರೆಂದು ಮರುಗಿದ್ದಳು.

ಟಾಕೀಸಿನ ಮಾಲೀಕರು ಕರಿಬಸವಯ್ಯನವರು. ಅವರ ನಿಜವಾದ ವ್ಯಾಪಾರ ಕೊಬ್ಬರಿ ಮಂಡಿಯದು, ಟಾಕೀಸು ಹೆಸರಿಗೆ. ವರ್ತಕರ ಸಂಘಕ್ಕೆ ಅಧ್ಯಕ್ಷರಾದ ಮೇಲೆ ಅವರು ಕೆಮ್ಮಿದರೂ ಅದೊಂದು ಹೇಳಿಕೆಯಂತೆ ಕೇಳುತ್ತಿತ್ತು. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ತುಮಕೂರಿನ ಒಂದು ಮದುವೆಯಲ್ಲಿ ಯಾರೋ, "ಏನ್ ಅಧ್ಯಕ್ಷರೇ, ನಿಮ್ ಟಾಕೀಸ್ನಲ್ಲಿ ಇನ್ನೂ ಹಳೇ ಪಿಕ್ಚರ್ರೇ ಓಡ್ತದಂತೆ?" ಎಂದುಬಿಟ್ಟರು. ಊಟದ ಎಲೆಯ ಮುಂದೆಯೇ ಕರಿಬಸವಯ್ಯನವರಿಗೆ ಅವಮಾನವಾಯಿತು. ತುಮಕೂರಿನ ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಯಶಸ್ವಿನಿಯನ್ನು ಕೇಳಿದರು. ಅವಳು, "ಅಪ್ಪಾ, ಒಂದು ಇಂಗ್ಲಿಷ್ ಪಿಕ್ಚರ್ ಬಂದಿದೆ. ಕಾಮಿಕ್ ಪುಸ್ತಕದಿಂದ ಮಾಡಿರೋದು. ಸ್ವಲ್ಪ ಡಾರ್ಕು. ಬೆಂಗಳೂರಲ್ಲಿ ಟಿಕೆಟ್ಟೇ ಸಿಗ್ತಿಲ್ಲ" ಎಂದಳು. ಅವರ ಮನಸ್ಸಿನಲ್ಲಿ ಕೊನೆಯ ಮಾತೇ ಉಳಿಯಿತು.

ಮರುವಾರವೇ ಬೆಂಗಳೂರಿನ ಗಾಂಧಿನಗರದಿಂದ ರೀಲಿನ ಡಬ್ಬಗಳು ಬಂದವು. ಆಟೋಗೆ ಮೈಕು ಕಟ್ಟಿ, "ದುಷ್ಟರಿಗೆ ಸಿಂಹಸ್ವಪ್ನ, ಕಪ್ಪು ಕೋಟಿನ ಮಹಾವೀರ!" ಎಂದು ಸಂತೆಯ ತುಂಬ ಕೂಗಿಸಲಾಯಿತು. ಇಂಗ್ಲಿಷ್ ಪಿಕ್ಚರ್ ಎಂಬ ಮಾತಿಗೆ ತಮ್ಮದೇ ಅರ್ಥ ಮಾಡಿಕೊಂಡ ಕೆಲವು ಹಿರಿಯರು ತಲೆಗೆ ಟವಲು ಹಾಕಿಕೊಂಡು ಗಾಂಧಿಕ್ಲಾಸಿನ ಮೂಲೆ ಹಿಡಿದರು.

ಶುಕ್ರವಾರ ಮ್ಯಾಟಿನಿ ಶುರುವಾಯಿತು. ಪರದೆಯ ಮೇಲೆ ಏನೂ ಇಲ್ಲ. ಇಲ್ಲವೆಂದರೆ ಪೂರ್ತಿ ಇಲ್ಲವೆಂದಲ್ಲ. ಮಳೆಯ ಸದ್ದು ಇತ್ತು, ಯಾರೋ ಓಡುವ ಸದ್ದು ಇತ್ತು, ಒಂದು ದೊಡ್ಡ ಕಪ್ಪಿನೊಳಗೆ ಇನ್ನೊಂದು ಚಿಕ್ಕ ಕಪ್ಪು ಅಲ್ಲಾಡಿದಂತಿತ್ತು. ಗಂಗಹನುಮಯ್ಯ ಬೆಚ್ಚಿ ತಿರುಪು ತಿರುಗಿಸಿದ. ದೀಪದ ಗೂಡಿನ ಕಪ್ಪು ಗಾಜಿನಲ್ಲಿ ಇಣುಕಿದರೆ ಬೆಂಕಿ ಚೆನ್ನಾಗಿಯೇ ಉರಿಯುತ್ತಿದೆ. ಕರೆಂಟು ಏರಿಸಿದ. ರೀಲು ಬದಲಿಸುವಾಗ ಕನ್ನಡಿ ಒರೆಸಿದ, ಲೆನ್ಸು ಒರೆಸಿದ, ಕೊನೆಗೆ ತನ್ನ ಕಣ್ಣನ್ನೂ ಒರೆಸಿಕೊಂಡ. ಪರದೆಯ ಮೇಲೆ ಕಪ್ಪು ಕೋಟಿನವನು ಕಪ್ಪು ಗೋಡೆಯ ಮೇಲಿನಿಂದ ಕಪ್ಪು ಗಲ್ಲಿಗೆ ಹಾರಿದ.

"ಕಾರ್ಬನ್ ಹಾಕಲಾ!"

ಇಪ್ಪತ್ತಾರು ವರ್ಷಕ್ಕೆ ಮೂರನೆಯ ಸಲ. ಆಮೇಲೆ ನಾಲ್ಕು, ಐದು, ಆಮೇಲೆ ಲೆಕ್ಕ ತಪ್ಪಿತು.

"ಗಂಗಣ್ಣಾ, ಬೇಕಾದ್ರೆ ನಮ್ ಬ್ಯಾಟ್ರಿ ತಗಳಪ್ಪೋ!"

"ಹೀರೋ ಬಂದವ್ನೇನ್ರಲಾ? ಬಂದ್ಮೇಲೆ ಎಬ್ಬುಸ್ರಿ!"

ಆರನೆಯ ರೀಲಿನಲ್ಲಿ ಒಂದು ಪೆಟ್ರೋಲ್ ಬಂಕು ಸ್ಫೋಟಗೊಂಡಿತು. ಗಂಗಹನುಮಯ್ಯ ಏರಿಸಿಟ್ಟಿದ್ದ ಕರೆಂಟಿಗೆ ಟಾಕೀಸೆಲ್ಲ ಹಾಡಹಗಲಾಗಿ, ಜನ ಕಣ್ಣು ಮುಚ್ಚಿಕೊಂಡರು. ಟವಲಿನ ಹಿರಿಯರು ಒಬ್ಬರ ಮುಖ ಒಬ್ಬರು ಕಂಡು ಎದ್ದುಹೋದರು. ಮುಂದಿನ ಕ್ಷಣವೇ ಮತ್ತೆ ಕತ್ತಲು. ಗಂಗಹನುಮಯ್ಯನಿಗೆ ತಲೆಬುಡ ತಿಳಿಯಲಿಲ್ಲ. ಬೆಂಕಿ ಇದೆ, ಬೆಳಕು ಇಲ್ಲ. ಬೆಳಕು ಇದೆ, ಇದ್ದಕ್ಕಿದ್ದಂತೆ ಇಲ್ಲ.

ಶೋ ಮುಗಿದ ಮೇಲೆ ಗೇಟಿನ ಚಿಕ್ಕಮಾರಯ್ಯನನ್ನು ಏಣಿ ಹತ್ತಿಸಿ ಪರದೆಯ ಧೂಳು ಹೊಡೆಸಿದ. ಚಿಕ್ಕಮಾರಯ್ಯ ಮೇಲಿನಿಂದಲೇ, "ಪರ್ದೆ ಬೆಳ್ಳುಗೇ ಅದೆ ಕಣಣ್ಣ. ಆ ವಯ್ಯನೇ ಕರ್ರುಗಿರ್ಬೇಕು" ಎಂದ. ಅಷ್ಟರಲ್ಲಿ ಮಂಡಿಯಿಂದ ಕರೆ ಬಂತು.

ಕರಿಬಸವಯ್ಯನವರು ಕೊಬ್ಬರಿ ಮೂಟೆಗಳ ನಡುವೆ ಕುಳಿತಿದ್ದರು.

"ಏನಯ್ಯ ಗಂಗಹನುಮಯ್ಯ, ಊರ್ ಮುಂದೆ ನನ್ ಮಾನ ಕಳ್ದ್ಯಲ್ಲ?"

"ಬೆಂಕಿ ಚೆಂದಾಗ್ ಉರೀತದೆ ಸಾವ್ಕಾರ್ರೆ. ಪಿಕ್ಚರ್ರೇ ಕರ್ರುಗದೆ."

"ಕರ್ರಗಿರೋ ಪಿಕ್ಚರ್‍ನ ಯಾರಾದ್ರೂ ಕಾಸು ಕೊಟ್ಟು ತೆಗೀತಾರೇನಯ್ಯಾ? ನಿನ್ ಭಾಮೈದ ಕುಣಿಗಲ್ ಕಡೆ ಟೆಂಟ್ ಟಾಕೀಸ್ನಲ್ಲಿ ಆಪರೇಟರ್ ಅಲ್ವಾ?"

"ಹೂಂ."

"ಅಲ್ಲೀಗ ಬೆಳಕು ಭಾರಿ ಚೆನ್ನಾಗೈತಂತೆ. ನಮ್ ಹೊಸ ಕಡ್ಡಿ ಅಲ್ಲಿಗೋಗಿ, ಅಲ್ಲಿನ ಸವೆದ ಮೋಟು ಇಲ್ಲಿಗೆ ಬರ್ತಿರ್ಬೇಕು."

ಕೆಲಸಗಾರ ಎನ್ನಿಸಿಕೊಂಡ ಗಂಗಹನುಮಯ್ಯನಿಗೆ ಕಳ್ಳ ಎನ್ನಿಸಿಕೊಂಡು ಅಭ್ಯಾಸವಿರಲಿಲ್ಲ.

"ನಾಳೆ ಮ್ಯಾಟಿನಿ ಹೊತ್ಗೆ ಇದೇನು ಅಂತ ತೋರ್ಸು. ಇಲ್ದಿದ್ರೆ ಮಿಷನ್ ರೂಮಿನ ಬೀಗದ್ಕೈ ಇಲ್ಲಿಟ್ಟು ಹೋಗು" ಎಂದು ಅಧ್ಯಕ್ಷರು ಕೆಮ್ಮಿದರು.

ಮರುದಿನ ಬೆಳಗಿನ ಬಸ್ಸಿಗೆ ಅವನು ತುಮಕೂರಿಗೆ ಹೋದ. ಅಲ್ಲಿಯೂ ಒಂದು ಥಿಯೇಟರಿನಲ್ಲಿ ಅದೇ ಪಿಕ್ಚರ್ ಮಾರ್ನಿಂಗ್ ಶೋ ಓಡುತ್ತಿತ್ತು. ಟಿಕೆಟ್ ಕೊಂಡು ಜನರ ನಡುವೆ ಕುಳಿತು ಸಿನಿಮಾ ನೋಡಿ ಅವನಿಗೆ ಎಷ್ಟು ಕಾಲವಾಗಿತ್ತೋ. ಕುತ್ತಿಗೆ ಪರದೆಯ ಕಡೆ ನಿಲ್ಲದೆ, ಹಿಂದಿನ ಗೋಡೆಯ ಕಿಂಡಿಯ ಕಡೆಗೇ ತಿರುಗುತ್ತಿತ್ತು. ಪಕ್ಕದವನು ಎರಡು ಸಲ ಸಹಿಸಿ, ಮೂರನೆಯ ಸಲ, "ಪಿಕ್ಚರ್ ಆ ಕಡೆ ನಡೀತದೆ ಯಜಮಾನ್ರೇ" ಎಂದ.

ಅಲ್ಲಿಯೂ ಅದೇ ಕಪ್ಪು. ಗಂಗಹನುಮಯ್ಯನಿಗೆ ಎದೆಯ ಮೇಲಿನ ಮೂಟೆ ಇಳಿದಂತಾಯಿತು. ಆದರೆ ಆ ಸಮಾಧಾನ ಬಹಳ ಹೊತ್ತು ಬಾಳಲಿಲ್ಲ, ಯಾಕೆಂದರೆ ಇಲ್ಲಿ ಯಾರೂ ಕೂಗುತ್ತಿಲ್ಲ. ಕಾಲೇಜು ಹುಡುಗರು ಏನೂ ಕಾಣದ ಕಡೆಯಲ್ಲೆಲ್ಲ ಶಿಳ್ಳೆ ಹೊಡೆಯುತ್ತಿದ್ದಾರೆ. ಕಪ್ಪು ಕೋಟಿನವನು ಹತ್ತು ಜನರನ್ನು ಹೊಡೆದು ಊರು ಕಾಪಾಡಿದರೆ ಪೊಲೀಸರು ಅವನನ್ನೇ ಅಟ್ಟಿಸಿಕೊಂಡು ಹೋಗುತ್ತಾರೆ. ಅವನು ಎತ್ತರದ ಕಟ್ಟಡದ ತುದಿಯಲ್ಲಿ ಒಬ್ಬನೇ ಕುಕ್ಕರಗಾಲಲ್ಲಿ ಕೂತು ಮಳೆಯಲ್ಲಿ ನೆನೆಯುತ್ತಾನೆ. ಇಷ್ಟು ಒಳ್ಳೆಯ ಕೆಲಸ ಮಾಡುವವನು ಮುಖ ಮುಚ್ಚಿಕೊಳ್ಳುವುದೇಕೆ, ನೆನೆಯುವುದೇಕೆ, ಕೊಡೆ ಕೊಳ್ಳಲು ಗತಿ ಇಲ್ಲವೇ, ಇದಕ್ಕೆ ಶಿಳ್ಳೆ ಏಕೆ? ಮೊದಲ ಬಾರಿಗೆ ಕಥೆ ನೋಡಲು ಕುಳಿತವನಿಗೆ ಈ ಕಥೆಯೇ ಸಿಗಬೇಕೇ?

ಇಂಟರ್ವಲ್ಲಿನಲ್ಲಿ ಮೆಟ್ಟಿಲು ಹತ್ತಿ ಮಿಷನ್ ರೂಮಿಗೆ ಹೋದ. ಅಲ್ಲಿನ ಆಪರೇಟರ್ ನಾಗಭೂಷಣ್, ಇವನ ಅರ್ಧ ವಯಸ್ಸಿನವನು, ಹೊಸ ಬಗೆಯ ದೀಪದ ಪ್ರೊಜೆಕ್ಟರ್ ಮುಂದೆ ಕಾಲ ಮೇಲೆ ಕಾಲು ಹಾಕಿ ಬೋಂಡ ತಿನ್ನುತ್ತಿದ್ದ.

"ನಂದು ದೊಡ್ಡ ಲ್ಯಾಂಪು ಕಣಣ್ಣ. ಆದ್ರೂ ಇಷ್ಟೇ. ತೆಗೆದಿರೋದೇ ಹಂಗೆ" ಎಂದ.

"ಹಂಗಂತ ಒಂದ್ ಚೀಟಿ ಬರ್ಕೊಡಪ್ಪ."

"ಕತ್ತಲದೆ ಅಂತ ಸರ್ಟಿಫಿಕೇಟ್ ಕೊಡಕ್ಕೆ ನಾನೇನ್ ತಹಸೀಲ್ದಾರ್ರಾ? ಬೋಂಡ ತಗೋ."

ಬೋಂಡದೊಂದಿಗೆ ಹನ್ನೆರಡೂವರೆಯ ಬಸ್ಸಿಗೆ ವಾಪಸಾದ ಗಂಗಹನುಮಯ್ಯ ನೇರ ಮಂಡಿಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದ. ಕರಿಬಸವಯ್ಯನವರು ಕಣ್ಣು ಮುಚ್ಚಿ ಕೇಳಿದರು.

"ತುಮಕೂರಿನಲ್ಲೂ ಕತ್ತಲು ಅಂದ್ರೆ, ತುಮಕೂರಿನವ್ನೂ ಕದೀತವ್ನೆ ಅಂತಾಯ್ತು."

"ಅಲ್ಲಿ ಕಾರ್ಬನ್ನೇ ಇಲ್ವಲ್ಲ ಸಾವ್ಕಾರ್ರೆ!"

"ನೋಡ್ದಾ? ಒಂದ್ ಕಡ್ಡಿನೂ ಬುಟ್ಟಿಲ್ಲ!"

ಗಂಗಹನುಮಯ್ಯ ಜೇಬಿನಿಂದ ಬೀಗದ ಕೈ ತೆಗೆದು ತಕ್ಕಡಿಯ ಪಕ್ಕ ಇಟ್ಟ. ಮ್ಯಾಟಿನಿಗೆ ಇನ್ನು ಮುಕ್ಕಾಲು ಗಂಟೆ. ಇಪ್ಪತ್ತಾರು ವರ್ಷದಲ್ಲಿ ಆ ಹೊತ್ತಿಗೆ ಅವನು ಕನ್ನಡಿ ಒರೆಸದೆ ಇದ್ದ ದಿನವಿರಲಿಲ್ಲ.

ಶನಿವಾರದ ಅರ್ಧ ದಿನದ ಕಾಲೇಜು ಮುಗಿಸಿ ಅದೇ ಬಸ್ಸಿನಲ್ಲಿ ಬಂದಿದ್ದ ಯಶಸ್ವಿನಿ ಆಗಲೇ ಮಂಡಿಯೊಳಗೆ ಕಾಲಿಟ್ಟಳು. ಬೀಗದ ಕೈ ನೋಡಿದಳು, ಗಂಗಹನುಮಯ್ಯನ ಮುಖ ನೋಡಿದಳು, ಇಬ್ಬರ ಮಾತೂ ಕೇಳಿದಳು.

"ಅಪ್ಪಾ, ಡಾರ್ಕು ಅಂತ ಮೊದಲೇ ಹೇಳಿದ್ನಲ್ಲ! ಗಂಗಣ್ಣನ್ನ ಯಾಕೆ ಬೈತೀಯ?"

"ನೀನು ಬಣ್ಣ ಅಂತ ಹೇಳ್ದೆ ಅಂದ್ಕೊಂಡೆ ಕಣಮ್ಮ. ಹೀರೋ ಸ್ವಲ್ಪ ಕಪ್ಪಗವ್ನೆ ಅಂತ."

ಯಶಸ್ವಿನಿ ಹಣೆ ಚಚ್ಚಿಕೊಂಡು, ಬ್ಯಾಗಿನಿಂದ ಗೆಳತಿಯಿಂದ ಎರವಲು ತಂದಿದ್ದ ಕಾಮಿಕ್ ಪುಸ್ತಕ ತೆಗೆದು ಕೊಬ್ಬರಿ ಮೂಟೆಯ ಮೇಲೆ ಬಿಚ್ಚಿಟ್ಟಳು. "ಪಿಕ್ಚರ್ ಮಾಡಿರೋದು ಇದನ್ನ ನೋಡ್ಕೊಂಡು. ನೋಡು."

ಪುಟ ಪುಟವೂ ಕಪ್ಪು. ಕಪ್ಪು ಆಕಾಶ, ಕಪ್ಪು ಮಳೆ, ಕಪ್ಪು ಗಲ್ಲಿ. ಮೂಲೆಯಲ್ಲಿ ಒಂದು ಹಳದಿ ಕಿಟಕಿ ಬಿಟ್ಟರೆ ಬೆಳಕಿನ ಸುಳಿವಿಲ್ಲ. ಕರಿಬಸವಯ್ಯನವರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಬಾಗಿಲ ಹತ್ತಿರ ಬಿಸಿಲಿಗೆ ಹಿಡಿದೂ ನೋಡಿದರು. ಬಿಸಿಲಲ್ಲೂ ಅದು ಕಪ್ಪಗೇ ಇತ್ತು. ಪುಸ್ತಕಕ್ಕೆ ಕಾರ್ಬನ್ನೂ ಬೇಡ, ಕರೆಂಟೂ ಬೇಡ ಎಂಬುದು ಅವರಿಗೂ ಹೊಳೆದಿರಬೇಕು. ಬೀಗದ ಕೈಯನ್ನು ಎರಡು ಬೆರಳಿನಿಂದ ಮೆಲ್ಲಗೆ ಗಂಗಹನುಮಯ್ಯನ ಕಡೆಗೆ ತಳ್ಳಿದರು. ಆದರೆ ಅಧ್ಯಕ್ಷರಾದವರು ಅಷ್ಟು ಸುಲಭಕ್ಕೆ ಸೋತಂತೆ ಕಾಣಬಾರದಲ್ಲ.

"ಅಂದ್ರೆ, ಈ ಪುಸ್ತಕ ಪ್ರಿಂಟ್ ಮಾಡೋ ಕಡೆನೂ ಯಾರೋ ಇಂಕು ಕದ್ದವ್ರೆ ಅಂತೀಯೇನಯ್ಯಾ?"

ಗಂಗಹನುಮಯ್ಯ ಬೀಗದ ಕೈ ಜೇಬಿಗೆ ಹಾಕಿಕೊಂಡ.

"ಇಂಕು ಕದ್ದಿದ್ರೆ ಬೆಳ್ಳುಗಿರ್ತಿತ್ತು ಸಾವ್ಕಾರ್ರೆ."