ನುಗ್ಗೇಮರದ ಕೆಳಗೊಂದು ಹ್ಯಾಲ್ಬರ್ಡು

ನನ್ನ ಹತ್ತಿರ ಒಂದು ಕಾಲದಲ್ಲಿ ಮಾರಕಾಯುಧವಿತ್ತು ಎಂದರೆ ನೀವು ನಗುತ್ತೀರಿ. ಇಲಿ ಕಂಡರೆ ಮಂಚ ಹತ್ತುವ ಆಸಾಮಿ ನಾನು.

ಐವತ್ತರ ದಶಕದ ಕೊನೆಗೆ ಶಿಡ್ಲಘಟ್ಟಕ್ಕೆ ಚರಿತ್ರೆಯ ಮೇಷ್ಟ್ರಾಗಿ ಹೋದೆ. ಮದುವೆಯಾಗಿರಲಿಲ್ಲ, ಊರವರಾಡುವ ತೆಲುಗು ಬರುತ್ತಿರಲಿಲ್ಲ. ಶನಿವಾರ ಶಾಲೆ ಬಿಟ್ಟರೆ ಸೋಮವಾರ ಹಾಜರಿ ಕೂಗುವವರೆಗೆ ನನ್ನ ಗಂಟಲಿಗೆ ಕೆಲಸವೇ ಇಲ್ಲ. ಬಾಡಿಗೆ ಕೋಣೆಯ ಬಾಗಿಲನ್ನು ಯಾರಾದರೂ ತಟ್ಟಲಿ ಎಂದು ಕಾಯುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆ, ಆದರೂ ನಿಜ.

ಪಾಠದಲ್ಲಿ ಹ್ಯಾಲ್ಬರ್ಡ್ ಎಂಬ ಯುರೋಪಿನ ಆಯುಧ ಬಂತು. ಆಳೆತ್ತರ ಮೀರಿದ ಹಿಡಿ, ತುದಿಗೆ ಭರ್ಜಿ, ಪಕ್ಕಕ್ಕೆ ಕೊಡಲಿ, ಅದರ ಬೆನ್ನಿಗೆ ಕೊಕ್ಕೆ. ಕುದುರೆ ಮೇಲೆ ಬೀಗುವ ಸರದಾರನನ್ನು ಕಾಲಾಳು ಕೊಕ್ಕೆ ಹಾಕಿ ಕೆಡವುತ್ತಿದ್ದನಂತೆ. ಬೋರ್ಡಿನ ಮೇಲೆ ಬರೆದು ತೋರಿಸಿದರೆ ತರಗತಿಯೆಲ್ಲ ಅದನ್ನು ಹುಂಜ ಎಂದಿತು. ಹಟ ಬಂತು. ಕಮ್ಮಾರನಿಂದ ಒಂದನ್ನು ಮಾಡಿಸಿಯೇಬಿಟ್ಟೆ. ಪಾಠ ಮುಗಿದ ಮೇಲೆ ಅದನ್ನು ತಂದು ಕೋಣೆಯ ಹೊರಗೋಡೆಗೆ ಒರಗಿಸಿದೆ.

ಪಕ್ಕದ ಮನೆಯ ನಾರಾಯಣಮ್ಮ ಅದನ್ನು ಕಂಡು ಬಂದರು. ಗಂಡ ತೀರಿಕೊಂಡ, ಮಕ್ಕಳಿಲ್ಲದ, ರೇಷ್ಮೆ ನೂಲು ತೆಗೆದು ಬದುಕುತ್ತಿದ್ದ ಹೆಂಗಸು.

"ಒಳ್ಳೇ ದೋಟಿ ಮಾಡಿಸಿದ್ದೀರಪ್ಪ ಮೇಷ್ಟ್ರೇ. ನಮ್ಮನೆ ಮುಂದಿನ ಮರದಲ್ಲಿ ನಾಲ್ಕು ನುಗ್ಗೇಕಾಯಿ ಕಿತ್ಕೊಂಡು ಕೊಟ್ಬಿಡ್ತೀನಿ."

ಯುರೋಪಿನ ಯುದ್ಧವಿದ್ಯೆಯನ್ನು ದೋಟಿ ಎಂದರೆ ಚರಿತ್ರೆ ಮೇಷ್ಟ್ರಿಗೆ ಸಿಟ್ಟು ಬರಬೇಕು. ಬರಲಿಲ್ಲ. ಯೋಚಿಸಿದರೆ, ಅಲ್ಲಿನ ರೈತರೂ ಹೊಲದ ಕತ್ತಿಗೆ ಉದ್ದ ಹಿಡಿ ಹಾಕಿಕೊಂಡೇ ಯುದ್ಧಕ್ಕೆ ಹೋದವರಲ್ಲವೇ? ಆಯುಧ ತವರಿಗೆ ಮರಳಿತ್ತು, ಅಷ್ಟೆ. ಆಮೇಲೆ ದಿನವೂ ಸಂಜೆ ಆಕೆ ಬಂದು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಒಂದಷ್ಟು ಹೊತ್ತು ಮಾತಾಡಿ, ದೋಟಿ ಒಯ್ಯುತ್ತಿದ್ದರು. ನಾನು ಐದಕ್ಕೆಲ್ಲ ಮುಖ ತೊಳೆದು ಕೂತಿರುತ್ತಿದ್ದೆ.

ಒಂದು ಸಂಜೆ ನನ್ನ ಮೇಷ್ಟ್ರ ಬುದ್ಧಿ ಸುಮ್ಮನಿರಲಿಲ್ಲ. "ಮರದಲ್ಲಿ ಕಾಯಿ ಮುಗಿದು ತಿಂಗಳಾಯ್ತಲ್ಲಮ್ಮ, ದೋಟಿ ಯಾಕೆ?" ಎಂದುಬಿಟ್ಟೆ.

ಆಕೆಯ ಮುಖ ಸಪ್ಪಗಾಯಿತು. "ಹೌದಲ್ವಾ, ಮರ್ತೇ ಹೋಗಿತ್ತು," ಎಂದು ಬರಿಗೈಯಲ್ಲಿ ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಂಟಿತನ ನನ್ನೊಬ್ಬನ ಸ್ವತ್ತು ಎಂದುಕೊಂಡಿದ್ದೆನಲ್ಲ, ಎಂಥ ದಡ್ಡ ನಾನು.

ನಾಲ್ಕನೆಯ ದಿನ ಒಂದು ಬಟ್ಟಲು ಹಿಡಿದು ಅವರ ಬಾಗಿಲಿಗೆ ಹೋದೆ. "ಅಮ್ಮಾ, ಒಂದು ಚೂರು ಹೆಪ್ಪು ಇದ್ರೆ ಕೊಡ್ತೀರಾ?"

ನಾನು ಮೂರು ಹೊತ್ತೂ ಹೋಟೆಲಿನಲ್ಲಿ ತಿನ್ನುವವನು, ನನ್ನ ಕೋಣೆಗೆ ಹಾಲೇ ಬರುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು. ನಾರಾಯಣಮ್ಮ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ಹಾಲೆಲ್ಲಿದೆ ಎಂದು ಕೇಳಲಿಲ್ಲ.

"ಕೂತ್ಕೊಳ್ಳಪ್ಪ, ತರ್ತೀನಿ," ಎಂದು ಚಾಪೆ ಹಾಸಿದರು.