ರಾಯರು ಏನು ಕೆಲಸ ಮಾಡತಾರ್ರಿ?

ಮೊನ್ನೆ ಮೊಮ್ಮಗಳ ಗಂಡನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಅವಳು ತನ್ನ ಕೂಸಿಗೆ ನೀರು ಎರೆದು, ಮೈ ಒರೆಸಿ, ಪೌಡರಿನ ಡಬ್ಬಿ ತೆಗೆದಳು. ಆ ವಾಸನೆ ಬಂದದ್ದೇ ತಡ, ನನಗೆ ನನ್ನ ಗಂಡ ನೆನಪಾದರು. ನೀವು ನಗುತ್ತೀರಿ. ತೀರಿಹೋದ ಗಂಡನನ್ನು ನೆನೆಯಲು ನಶ್ಯವೋ ಊದಿನಕಡ್ಡಿಯೋ ಇರಬೇಕು, ಕೂಸಿನ ಪೌಡರು ಎಲ್ಲಿಂದ ಬಂತು ಎನ್ನುತ್ತೀರಿ. ಇಸ್ಪೀಟಿನ ಎಲೆಗಳು ಒಂದಕ್ಕೊಂದು ಅಂಟದೆ ಜಾರಲಿ ಎಂದು ಆಡುವವರು ಅವಕ್ಕೆ ಪೌಡರು ಸವರುತ್ತಾರೆ. ನಮ್ಮವರ ಬೆರಳಿಗೆ ಸದಾ ಅದೇ ವಾಸನೆ. ಅವರು ಇಸ್ಪೀಟು ಆಡುತ್ತಿದ್ದರು. ಹೊತ್ತು ಹೋಗಲೆಂದಲ್ಲ, ನಮ್ಮ ಸಂಸಾರ ನಡೆಯುತ್ತಿದ್ದದ್ದೇ ಅದರಿಂದ.

ಎಪ್ಪತ್ತರ ದಶಕದ ಮಾತು. ಸಂಬಂಧ ತಂದವರು ನಮ್ಮಪ್ಪನಿಗೆ, 'ಮುನವಳ್ಳಿ ವೈದಿಕರ ಮಗಾ, ಮ್ಯಾಟ್ರಿಕ್ ಆಗೇದ, ಕ್ಲಬ್ಬಿನಾಗ ಇರತಾನ' ಎಂದು ಹೇಳಿದ್ದರು. ಅಪ್ಪ ಅದನ್ನು ಕ್ಲಬ್ಬಿನಲ್ಲಿ ಲೆಕ್ಕ ಬರೆಯುವ ಕಾರಕೂನ ಎಂದು ಅರ್ಥ ಮಾಡಿಕೊಂಡ. ಮದುವೆಯಾದ ವಾರದಲ್ಲೇ ಇವರು ನನ್ನನ್ನು ಕೂರಿಸಿಕೊಂಡು ನಿಜ ಹೇಳಿದರು. 'ನಾ ಕಾರಕೂನ ಅಲ್ಲ, ರಮ್ಮಿ ಆಡತೇನಿ. ಕುಡಿಯೂದಿಲ್ಲ. ಸಾಲಾ ಮಾಡಿ ಆಡೂದಿಲ್ಲ. ನಿನ್ನ ಮೈಮ್ಯಾಲಿನ ಬಂಗಾರಕ್ಕ ಕೈ ಹಚ್ಚೂದಿಲ್ಲ. ಇನ್ನ ಅಳೂದಿದ್ರ ಅಳು.' ನಾನು ಅತ್ತೆ. ಆಮೇಲೆ ಹಸಿವಾಯಿತು, ಇಬ್ಬರೂ ಊಟ ಮಾಡಿದೆವು.

ಅವರಿಗೆ ಈ ಆಟ ಒಲಿದದ್ದಕ್ಕೆ ಮಾವನವರೇ ಕಾರಣ ಎಂದರೆ ಪಾಪ ಬರುತ್ತದೆ, ಆದರೂ ನಿಜ. ಮಗನನ್ನು ನಸುಕಿನಲ್ಲಿ ಎಬ್ಬಿಸಿ ಮಂತ್ರಗಳನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಬಾಯಿಪಾಠ ಮಾಡಿಸಿದ್ದರು. ಆ ನೆನಪಿನ ಶಕ್ತಿ ಪೂಜೆಗೆ ಕೂರದೆ ರಮ್ಮಿಗೆ ಕೂತಿತು. ಯಾರು ಯಾವ ಎಲೆ ಎತ್ತಿದರು, ಯಾವುದನ್ನು ಬಿಟ್ಟರು, ಎಲ್ಲ ಇವರ ತಲೆಯಲ್ಲಿ. ಸುದ್ದಿ ತಿಳಿದ ದಿನವೇ ಮಾವನವರು, 'ಅವನ ಮನ್ಯಾಗ ನಾ ನೀರು ಮುಟ್ಟೂದಿಲ್ಲ' ಎಂದುಬಿಟ್ಟರು.

ಗಂಡ ಜೂಜಾಡುವುದಕ್ಕಿಂತ ಅದನ್ನು ಮನೆ ಮಾಲಕರಿಗೆ ಹೇಳುವುದು ಕಷ್ಟದ ಕೆಲಸ. ಮೊದಲು ನಾವಿದ್ದದ್ದು ರಾಮದುರ್ಗದಲ್ಲಿ, ಒಬ್ಬ ನಿವೃತ್ತ ಮಾಸ್ತರರ ಮನೆಯಲ್ಲಿ. ಬೀಗದ ಕೈ ಕೊಡುವ ಮೊದಲು ಅವರು, 'ನಿಮ್ಮ ಯಜಮಾನ್ರು ಏನ ಮಾಡತಾರವಾ?' ಎಂದರು. ನಾನು 'ಕಾಗದದ ವ್ಯಾಪಾರ' ಎಂದೆ. ಎಲೆಗಳೂ ಕಾಗದದವೇ, ಪೂರ್ತಿ ಸುಳ್ಳೇನಲ್ಲ ಎಂದು ನನ್ನ ಸಮಾಧಾನ. ಸ್ವಲ್ಪ ದಿನಕ್ಕೆ ಅವರ ಮಗಳ ಮದುವೆ ಗೊತ್ತಾಯಿತು. 'ಹೆಂಗೂ ನಿಮ್ಮದ ಕಾಗದದ ವ್ಯಾಪಾರ ಅದ, ಲಗ್ನಪತ್ರಿಕಾ ನೀವ ಮಾಡಿಸಿಕೊಡ್ರಿ' ಎಂದರು. ಇವರು ಬೆಳಗಾವಿಗೆ ಹೋಗಿ ಹಳದಿ ಅಂಚಿನ ಚೆಂದದ ಪತ್ರಿಕೆ ಅಚ್ಚು ಹಾಕಿಸಿಕೊಂಡು ಬಂದರು. ಊರೆಲ್ಲ ಹೊಗಳಿತು. ಆದರೆ ಮದುವೆಯ ಪಂಕ್ತಿಯಲ್ಲೇ ಗಂಡಿನ ಕಡೆಯವರೊಬ್ಬರು ಇವರ ಗುರುತು ಹಿಡಿದು, 'ಏನ್ ರಾಯರ, ಊಟಾ ಆದಮ್ಯಾಲ ಒಂದ ಆಟ ಆಗಲಿ' ಎಂದು ಕೂಗಿದರು. ಮಾಸ್ತರರು ಸಿಟ್ಟಾಗಲಿಲ್ಲ. ಮರುದಿನ ಬುಟ್ಟಿ ತುಂಬ ಬುಂದಿಲಾಡು ಕಳಿಸಿ, ಮನೆ ಬಿಡಲು ಹೇಳಿದರು. ಸವದತ್ತಿಯ ಮನೆಗೆ ಹಾಲು ಉಕ್ಕಿಸುವಾಗಲೂ ಆ ಲಾಡು ಮುಗಿದಿರಲಿಲ್ಲ.

ಸವದತ್ತಿಯಲ್ಲಿ 'ಹೊಲದ ಉತ್ಪನ್ನ ಅದ' ಎಂದೆ. ಸುಗ್ಗಿಗೆ ಮಾಲಕರು ನಮ್ಮ ಹೊಲದ ಜೋಳ ಒಂದು ಚೀಲ ಬೇಕೆಂದರು. ಆ ಮನೆಯೂ ಹೋಯಿತು.

ಬೈಲಹೊಂಗಲಕ್ಕೆ ಬಂದಾಗ ನಾನು ಆರು ತಿಂಗಳ ಬಸುರಿ. ಇನ್ನೊಂದು ಸಲ ಪಾತ್ರೆ ಪಡಗ ಕಟ್ಟುವ ತ್ರಾಣ ನನಗಿರಲಿಲ್ಲ. ಮನೆಯ ಒಡತಿ ಶಿವಗಂಗವ್ವ. ಹತ್ತಿ ವ್ಯಾಪಾರಿಯ ವಿಧವೆ, ಎತ್ತರದ ಹೆಂಗಸು. ಮಾತಾಡುವಾಗ ಎದುರಿನವರ ಕಣ್ಣು ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ. 'ರಾಯರು ಏನು ಕೆಲಸ ಮಾಡತಾರ್ರಿ?' ಎಂದು ನನ್ನನ್ನು ಕೇಳಿದರು. ನಾನು ಹೊಸ ಸುಳ್ಳಿಗೆ ಬಾಯಿ ತೆರೆಯುವಷ್ಟರಲ್ಲಿ ಇವರು ಮುಂದೆ ಬಂದರು.

'ಅವ್ವಾರ, ನಾ ಕ್ಲಬ್ಬಿನಾಗ ಇಸ್ಪೀಟ ಆಡತೇನಿ. ನಮ್ಮ ಹೊಟ್ಟಿ ನಡಿಯೂದು ಅದರಿಂದನ. ಮನಿ ಕೊಡೂದು ಬಿಡೂದು ನಿಮಗ ಬಿಟ್ಟದ್ದು.'

ನಾನು ನೆಲ ನೋಡುತ್ತ ನಿಂತೆ. ಅವ್ವ ಇವರ ಕಣ್ಣನ್ನೇ ನೋಡಿದರು. ಆಮೇಲೆ ಹೇಳಿದರು: 'ನಮ್ಮ ಮನಿಯವರು ಹತ್ತಿ ಹಿಡದ ಇಟಗೊಂಡು ದರಾ ಏರಲಿ ಅಂತ ಕಾಯತಿದ್ರು. ಏರತೈತೊ ಇಳಿತೈತೊ ಅವರಿಗೂ ಗೊತ್ತಿರತಿರಲಿಲ್ಲ. ಅವರನ್ನ ಮಂದಿ ಸಾವಕಾರ್ರ ಅಂದ್ರು. ಇರ್ರಿ ನೀವು. ಆದ್ರ ಒಂದ ಮಾತ ಕೊಡ್ರಿ. ನನ್ನ ಮಗಾ ಬಸಣ್ಣನ ಕೂಡ ಯಾವತ್ತೂ ಆಡಬಾರದು.'

ಇವರು ಮಾತು ಕೊಟ್ಟರು.

ಬಸಣ್ಣನಿಗೆ ಆಗ ಮೂವತ್ತರ ಹತ್ತಿರ, ಇಬ್ಬರು ಮಕ್ಕಳ ತಂದೆ. ಅಪ್ಪನ ಅಂಗಡಿ ಅವನ ಕೈಗೆ ಬಂದಿತ್ತು. ಆ ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಅವನು ಕ್ಲಬ್ಬಿಗೆ ಬಂದು ನೇರ ಇವರ ಆಟದಲ್ಲೇ ಕೂತನಂತೆ. ಆಗಲೇ ಎಲೆ ಹಂಚಿ ಆಗಿತ್ತು. 'ಬಸಣ್ಣ, ನೀವು ಏಳ್ರಿ' ಎಂದರಂತೆ ಇವರು. 'ನನ್ನ ರೊಕ್ಕ, ನಿಮಗೇನ್ರಿ ತ್ರಾಸ?' ಎಂದನಂತೆ ಅವನು. ಕ್ಲಬ್ಬಿನ ಮ್ಯಾನೇಜರನಿಗೆ ಶ್ರೀಮಂತ ಗಿರಾಕಿ ಬಂದ ಖುಷಿ. ನಡುವೆ ಎದ್ದರೆ ಮತ್ತೆ ಇಲ್ಲಿ ಜಾಗ ಇಲ್ಲ ಎಂದು ಅವನು ಇವರಿಗೇ ಹೇಳಿದ. ಇವರು ಎಲೆಗಳನ್ನು ಮಗುಚಿಟ್ಟು ಎದ್ದು ಬಂದರು. ಗೆಲ್ಲುವ ಆಟವಾಗಿತ್ತು ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದರು; ಅದೂ ನಗುತ್ತ.

ಆಮೇಲಿನ ದಿನಗಳನ್ನು ಸುಲಭದವು ಎನ್ನಲಾರೆ. ನುಚ್ಚು, ಮಜ್ಜಿಗೆ, ಮತ್ತೆ ನುಚ್ಚು. ಗಂಡಸು ದಿನವಿಡೀ ಮನೆಯಲ್ಲಿದ್ದರೆ ಓಣಿಗೆ ನಿದ್ದೆ ಬರುವುದಿಲ್ಲ. ನಾನು ಕೇಳಿದವರಿಗೆಲ್ಲ 'ಇವರಿಗೆ ಜ್ವರಾ ಬಂದಾವ' ಎಂದು ಹೇಳುತ್ತ ಇದ್ದೆ. ಕೊನೆಗೆ ಬಸಣ್ಣನೇ, ತನ್ನಿಂದ ಇವರ ಜಾಗ ಹೋಯಿತೆಂದು ನಾಚಿಕೊಂಡು, ತಾಯಿಯ ಮುಂದೆ ಎಲ್ಲ ಹೇಳಿದ. ಮರುದಿನ ಶಿವಗಂಗವ್ವ ನಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡಿ, 'ಜ್ವರಾ ಬಿಟ್ಟಾವೇನ್ರಿ?' ಎಂದರು. ಅವರ ಕಣ್ಣು ತುಂಬಿತ್ತು. ಇವರು ಕಿತ್ತೂರಿನ ಕ್ಲಬ್ಬಿಗೆ ಬಸ್ಸಿನಲ್ಲಿ ಹೋಗಿಬರುವುದನ್ನು ರೂಢಿ ಮಾಡಿಕೊಂಡರು.

ಮಗಳು ಹುಟ್ಟಿ ಮೂರು ತಿಂಗಳಾದಾಗ ಮಾವನವರು ಮೊಮ್ಮಗಳನ್ನು ನೋಡಲು ಮುನವಳ್ಳಿಯಿಂದ ಬಂದರು. ಇವರು ಕಿತ್ತೂರಿಗೆ ಹೋಗಿದ್ದರು. ಮಾವನವರ ಕೈಯಲ್ಲಿ ತಾಮ್ರದ ತಂಬಿಗೆ, ಅದರಲ್ಲಿ ತಮ್ಮ ಮನೆಯ ನೀರು. ಪಂಚೆಯ ತುದಿಯಲ್ಲಿ ಕಟ್ಟಿಕೊಂಡ ಅವಲಕ್ಕಿ. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ಆ ಕಡೆಯ ಮೆಟ್ಟಿಲ ಮೇಲೆ ಶಿವಗಂಗವ್ವ ಅವರೆಕಾಯಿ ಸುಲಿಯುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ.

ಮಾವನವರು ಶಿವಗಂಗವ್ವನ ಕಡೆ ತಿರುಗಿದರು. 'ತಾಯೀ, ನಿಮ್ಮ ಮುಂದ ಮುಚ್ಚಿಡಬಾರದು. ನನ್ನ ಮಗಾ ಏನ ಕೆಲಸಾ ಮಾಡತಾನ ಅನ್ನೂದು ನಿಮಗ ಗೊತ್ತದನೊ ಇಲ್ಲೊ...'

ಪಾಪ, ಒಡತಿಗೆ ಮೋಸವಾಗಬಾರದೆಂಬ ಕಾಳಜಿ ಅವರದು.

'ಗೊತ್ತೈತ್ರಿ ಸ್ವಾಮ್ಯಾರ,' ಎಂದರು ಅವ್ವ ಸುಲಿಯುವುದನ್ನು ನಿಲ್ಲಿಸದೆ. 'ಮೊದಲನೇ ದಿನಾನ ಹೇಳ್ಯಾರ.' ಆಮೇಲೆ ಬಸಣ್ಣನ ಕತೆಯನ್ನು ನಿಧಾನವಾಗಿ ಪೂರ್ತಿ ಹೇಳಿ, 'ಮಾತ ಕೊಟ್ಟೇನಿ ಅಂತ ಅನ್ನದ ಮ್ಯಾಲ ಕಲ್ಲ ಹಾಕ್ಕೊಂಡ್ರು. ಇಂಥಾದ್ದನ್ನ ಇವರಿಗೆ ಯಾರು ಕಲಿಸಿದ್ರು ಅಂತ ನನಗ ಹೊಳಿದಿರಲಿಲ್ಲ. ಈಗ ನಿಮ್ಮನ್ನ ನೋಡಿದೆ' ಎಂದರು.

ಕೂಸು ಮಾವನವರ ಜನಿವಾರ ಹಿಡಿದು ಎಳೆಯುತ್ತಿತ್ತು, ಅವರು ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಹೊಸ್ತಿಲ ತನಕ ಬಂದರು.

'ಏನ ಅಡಿಗಿ ಮಾಡೀಯವಾ?'

'ಬರೇ ಅನ್ನ ಸಾರು ಅದ, ಮಾಮಾ.'

'ಸಾಕು. ಎಲಿ ಹಾಕು.'

ಬಡಿಸುವ ಅವಸರದಲ್ಲಿ ಸಾರು ಎಲೆಯ ಹೊರಗೂ ಹೋಯಿತು. ಅವರು ಅದನ್ನು ಕಾಣದವರಂತೆ ಉಂಡರು. ಕೊನೆಗೆ ನಮ್ಮ ಮನೆಯ ನೀರು ಕೇಳಿ ಕುಡಿದರು.

ಸಂಜೆ ಇವರು ಬಂದಾಗ ಮಾವನವರು ಊರಿಗೆ ಹೊರಟುಹೋಗಿದ್ದರು. 'ಮಾಮಾ ಇಲ್ಲೇ ಉಂಡ್ರು. ಎಲಿ ಹಾಕು ಅಂದ್ರು' ಎಂದೆ. ಇವರು, 'ಎಲಿ ಹಾಕು ಅಂದ್ರ? ನಮ್ಮಪ್ಪ?' ಎಂದು, ಕ್ಲಬ್ಬಿನ ಮಾತನ್ನು ಅಪ್ಪನ ಬಾಯಲ್ಲಿ ಕೇಳಿದವರಂತೆ ಜೋರಾಗಿ ನಕ್ಕರು. ನಗುತ್ತ ನಗುತ್ತ ಗೋಡೆಗೆ ಒರಗಿ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೊನ್ನೆ ನಾನು ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗಲೇ ಮೊಮ್ಮಗಳ ಅತ್ತೆ ಚಹಾ ತಂದು ಪಕ್ಕದಲ್ಲಿ ಕೂತರು. ಒಳ್ಳೆಯ ಮನೆತನದವರು, ಮಾತು ನಯ. 'ನಿಮ್ಮವರು ಯಾವ ಸರಕಾರಿ ಖಾತೆದಾಗ ಇದ್ರು?' ಎಂದು ಕೇಳಿದರು. ಒಳಗಿನಿಂದ ಮೊಮ್ಮಗಳು ನನಗೆ ಕಣ್ಣಲ್ಲೇ ಬೇಡವೆಂದು ಸನ್ನೆ ಮಾಡುತ್ತಿದ್ದಳು.

'ಇಸ್ಪೀಟ ಆಡತಿದ್ರು,' ಎಂದೆ. 'ಅದರಾಗ ನಮ್ಮನ್ನ ಸಾಕಿದ್ರು.'

ಅವರ ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಆಮೇಲೆ ಅದನ್ನು ಕೆಳಗಿಟ್ಟು, ಇನ್ನೂ ಹತ್ತಿರ ಸರಿದು ಮೆಲ್ಲಗೆ ಕೇಳಿದರು: 'ಸೋತು ಬಂದಾಗ ನಿಮ್ಮ ಮ್ಯಾಲ ಸಿಟ್ಟ ಮಾಡತಿದ್ರೇನು?'

ಇಷ್ಟು ವರ್ಷದಲ್ಲಿ ಯಾರೂ ನನಗೆ ಇದನ್ನು ಕೇಳಿರಲಿಲ್ಲ. 'ಇಲ್ಲರಿ,' ಎಂದೆ. 'ಸೋತ ದಿನಾ ಚಪ್ಪಲಿ ಸಪ್ಪಳಾ ಮಾಡದ ಒಳಗ ಬಂದು, ಮೊದಲ ನಂದು ಊಟಾ ಆತೇನು ಅಂತ ಕೇಳತಿದ್ರು.'